ಮೊಲ ಪಾರಾಯಿತು, ಏಡಿ ಸಿಕ್ಕಿಬಿತ್ತು

ಇಂಜೆಕ್ಷನ್ ಸುರಕ್ಷಿತವೇ ಎಂದು ಹೇಳಲು ಇಂದಿಗೂ ಹೆಚ್ಚಾಗಿ ಒಂದು ಕಡಲಜೀವಿಯ ರಕ್ತವನ್ನೇ ಬಳಸುತ್ತಾರೆ. ಕುದುರೆ ಲಾಳದ ಏಡಿ. ಹೆಸರಿಗಷ್ಟೇ ಏಡಿ, ನೆಂಟಸ್ತಿಕೆಯೆಲ್ಲ ಜೇಡ, ಚೇಳುಗಳ ಕಡೆ. ರಕ್ತದಲ್ಲಿ ತಾಮ್ರವಿರುವುದರಿಂದ ಬಣ್ಣ ನೀಲಿ.

ಮೊದಲೆಲ್ಲ ಔಷಧದಲ್ಲಿ ಬ್ಯಾಕ್ಟೀರಿಯಾದ ವಿಷವಿದೆಯೇ ಎಂದು ನೋಡಲು ಅದನ್ನು ಮೊಲದ ಕಿವಿಯ ರಕ್ತನಾಳಕ್ಕೆ ಚುಚ್ಚುತ್ತಿದ್ದರು. ಮೊಲವನ್ನು ಗಂಟೆಗಟ್ಟಲೆ ಕದಲದಂತೆ ಕೂರಿಸಿ, ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು ಕಾಯುವುದು. ಜ್ವರ ಬಂತೋ, ಔಷಧ ತಿರಸ್ಕೃತ.

ಏಡಿಯ ರಕ್ತ ಬ್ಯಾಕ್ಟೀರಿಯಾ ತಾಗಿದರೆ ಗರಣೆಗಟ್ಟುತ್ತದೆಂದು 1956ರಲ್ಲಿ ಅಮೆರಿಕದ ಫ್ರೆಡರಿಕ್ ಬ್ಯಾಂಗ್ ವರದಿ ಮಾಡಿದರು. ಅದರಿಂದ ಹುಟ್ಟಿದ ಪರೀಕ್ಷೆಗೆ 1970ರ ದಶಕದಲ್ಲಿ ಮಾನ್ಯತೆ ಸಿಕ್ಕಿತು. ಅಸಂಖ್ಯ ಮೊಲಗಳು ಬಚಾವಾದವು.

ಆದರೆ ಅಮೆರಿಕದ ಪೂರ್ವ ಕರಾವಳಿಯಲ್ಲಿ ಪ್ರತಿವರ್ಷ ಲಕ್ಷಾಂತರ ಏಡಿಗಳನ್ನು ಹಿಡಿದು, ಸಾಲಾಗಿ ಬಿಗಿದು, ಹೃದಯಕ್ಕೆ ಸೂಜಿ ಚುಚ್ಚಿ ರಕ್ತ ಬಸಿಯುತ್ತಾರೆ. ಮತ್ತೆ ಕಡಲಿಗೆ ಬಿಡುತ್ತಾರೆ, ನಿಜ, ಎಲ್ಲವೂ ಬದುಕುವುದಿಲ್ಲ. ಮುದ್ದುಮುಖದ ಮೊಲಕ್ಕೆ ಮರುಗಿದಷ್ಟು ಜನ ಇದಕ್ಕೆ ಮರುಗಲಿಲ್ಲ ಬಿಡಿ.

ಬೇರೆ ದಾರಿ ಇಲ್ಲವೇ? ಇದೆ. ಆ ರಕ್ತದ ಮುಖ್ಯ ಪ್ರೋಟೀನನ್ನು ಸಿಂಗಪುರದ ವಿಜ್ಞಾನಿಗಳು 1990ರ ದಶಕದಲ್ಲೇ ಲ್ಯಾಬಿನಲ್ಲಿ ತಯಾರಿಸಿದ್ದರು. ಅದನ್ನು ಬಳಸುವ ಪರೀಕ್ಷೆ ಯುರೋಪಿನ ಔಷಧ ನಿಯಮಾವಳಿಗೆ ಸೇರಿ ಜಾರಿಯಾದದ್ದು 2021ರಲ್ಲಿ.

ಈ ಏಡಿಯ ಸಂಬಂಧಿಗಳು ಒಡಿಶಾದ ಬಾಲಸೋರ್ ಕಡಲತೀರದಲ್ಲೂ ಮೊಟ್ಟೆಯಿಡುತ್ತವೆ. ಭಾರತದ ವನ್ಯಜೀವಿ ಕಾಯ್ದೆ ಅವುಗಳಿಗೆ ರಕ್ಷಣೆ ಕೊಟ್ಟಿದೆ.