ಲಾಸ್ಟ್ ಬೆಂಚಿನ ಹುಡುಗನೇ ಮೇಷ್ಟ್ರಾದರೆ?

ಓದಿನಲ್ಲಿ ಸದಾ ಹಿಂದೆ ಬೀಳೋ ಹುಡುಗನಿಗೆ ನಾವೇನು ಮಾಡ್ತೀವಿ? ಇನ್ನೊಂದು ಟ್ಯೂಷನ್‌ಗೆ ಸೇರಿಸ್ತೀವಿ. ಅದೂ ಆಗಲಿಲ್ಲ ಅಂದ್ರೆ ‘ವಿದ್ಯೆ ಇವನ ಹಣೇಲಿ ಬರೆದಿಲ್ಲ’ ಅಂತ ಕೈಬಿಡ್ತೀವಿ. ಅವನನ್ನೇ ಟ್ಯೂಷನ್ ಮೇಷ್ಟ್ರು ಮಾಡಿದರೆ ಹೇಗೆ?

ಅಮೆರಿಕದ ಟೆಕ್ಸಸ್ ರಾಜ್ಯದ ಸ್ಯಾನ್ ಆಂಟೋನಿಯೋ ನಗರದಲ್ಲಿ 1984ರಲ್ಲಿ ಇದನ್ನೇ ಮಾಡಿ ನೋಡಿದರು. ಅಲ್ಲಿನ ಐಡಿಆರ್‌ಎ ಎಂಬ ಶಿಕ್ಷಣ ಸಂಸ್ಥೆ, ಕೋಕಾ ಕೋಲಾ ಕಂಪನಿಯ ಹಣದ ನೆರವಿನಿಂದ ‘ವ್ಯಾಲ್ಯೂಡ್ ಯೂತ್’ ಅನ್ನೋ ಕಾರ್ಯಕ್ರಮ ಶುರುಮಾಡಿತು. ಇನ್ನೇನು ಶಾಲೆ ಬಿಟ್ಟೇಬಿಡ್ತಾರೆ ಅನ್ನಿಸಿದ್ದ ದೊಡ್ಡ ಕ್ಲಾಸಿನ ಮಕ್ಕಳನ್ನೇ ಆರಿಸಿ, ಪ್ರೈಮರಿ ಮಕ್ಕಳಿಗೆ ಪಾಠ ಹೇಳಿಕೊಡೋಕೆ ಕಳಿಸಿದರು. ಇವರಲ್ಲಿ ಹೆಚ್ಚಿನವರು ಸ್ಪ್ಯಾನಿಷ್ ಮನೆಮಾತಿನ ಬಡ ಕುಟುಂಬಗಳವರು. ಇಂಗ್ಲಿಷ್ ಪಾಠವೇ ಅವರಿಗೆ ತೊಡಕು.

ಒಬ್ಬ ‘ಪುಟ್ಟ ಮೇಷ್ಟ್ರಿಗೆ’ ಸಾಮಾನ್ಯವಾಗಿ 3 ಮಕ್ಕಳು, ವಾರಕ್ಕೆ 4 ಗಂಟೆ ಪಾಠ. ಹೇಗೆ ಕಲಿಸಬೇಕು ಅಂತ ಹೇಳಿಕೊಡೋಕೆ ಅವರಿಗೇ ಒಂದು ಪ್ರತ್ಯೇಕ ತರಗತಿ. ಜೊತೆಗೆ ಕನಿಷ್ಠ ಕೂಲಿಯ ದರದಲ್ಲಿ ಸಂಬಳ!

ಫಲ ಏನಾಯ್ತು? 1992ರಲ್ಲಿ ಪ್ರಕಟವಾದ ಮೌಲ್ಯಮಾಪನದ ಪ್ರಕಾರ, ಪಾಠ ಹೇಳಿಕೊಟ್ಟವರಲ್ಲಿ ಶಾಲೆ ಬಿಟ್ಟವರು ಶೇ 1. ಅವರಂಥದ್ದೇ ಹಿನ್ನೆಲೆಯ, ಕಾರ್ಯಕ್ರಮದಲ್ಲಿ ಇಲ್ಲದ ಮಕ್ಕಳಲ್ಲಿ ಶೇ 12.

ಇದರ ಗುಟ್ಟು ದೊಡ್ಡದೇನಲ್ಲ. ಎಂಟನೇ ಕ್ಲಾಸಿನ ಹುಡುಗನಿಗೆ ಭಾಗಾಕಾರ ಬರೋದಿಲ್ಲ ಅಂದುಕೊಳ್ಳಿ. ಮೂರನೇ ಕ್ಲಾಸಿನ ಪುಸ್ತಕ ಹಿಡಿದು ಕೂರೋಕೆ ಅವನಿಗೆ ನಾಚಿಕೆ. ಆದರೆ ತಮ್ಮನಂಥ ಒಬ್ಬನಿಗೆ ಕಲಿಸಬೇಕು ಅಂದಾಗ ಅದೇ ಪುಸ್ತಕ ತೆರೆಯೋಕೆ ಮರ್ಯಾದೆಯ ಕಾರಣ ಸಿಗುತ್ತೆ. ಕಲಿಸೋ ನೆಪದಲ್ಲಿ ತಾನೂ ಕಲೀತಾನೆ. ಇವತ್ತು ಚಕ್ಕರ್ ಹೊಡೆದರೆ ಅಲ್ಲಿ 3 ಪುಟಾಣಿಗಳು ಕಾಯ್ತಾ ಕೂತಿರ್ತಾರೆ. ‘ನೀನು ಬೇಕು’ ಅಂತ ಶಾಲೆ ಅವನಿಗೆ ಹೇಳಿದ್ದು ಬಹುಶಃ ಅದೇ ಮೊದಲು. ಇನ್ನು ಸಂಬಳ: ದುಡಿಯೋಕೆ ಹೋಗು ಅನ್ನೋ ಮನೆಯಲ್ಲಿ ನಾಲ್ಕು ಕಾಸು ಕೂಡ ದೊಡ್ಡ ಆಸರೆ.

ಹಿರಿಯ ಮಕ್ಕಳು ಕಿರಿಯರಿಗೆ ಹೇಳಿಕೊಡೋದು ನಮ್ಮ ಕಡೆಯ ಹಳೇ ರೂಢಿಯೇ. 18ನೇ ಶತಮಾನದ ಕೊನೆಗೆ ಮದ್ರಾಸಿನಲ್ಲಿದ್ದ ಆಂಡ್ರ್ಯೂ ಬೆಲ್ ಇಂಥ ಕ್ರಮವನ್ನು ತಮ್ಮ ಶಾಲೆಯಲ್ಲಿ ಬಳಸಿ, ಆಮೇಲೆ ಇಂಗ್ಲೆಂಡಿಗೂ ಒಯ್ದರು. ಅಲ್ಲಿ ಅದಕ್ಕೆ ‘ಮದ್ರಾಸ್ ಪದ್ಧತಿ’ ಅಂತಲೇ ಹೆಸರು. ಆದರೆ ಇಂಥ ಕೆಲಸ ನಮ್ಮಲ್ಲಿ ಸಾಮಾನ್ಯವಾಗಿ ಸಿಗೋದು ಕ್ಲಾಸಿನ ಜಾಣನಿಗೆ. ಸ್ಯಾನ್ ಆಂಟೋನಿಯೋದವರು ಅದನ್ನು ತಿರುವಿಹಾಕಿದರು.

ವೀಕೆಂಡಿನಲ್ಲಿ ಸರ್ಕಾರಿ ಶಾಲೆ ಮಕ್ಕಳಿಗೆ ಪಾಠ ಹೇಳೋಕೆ ಹೋಗುವವರು ನಿಮ್ಮಲ್ಲಿ ಎಷ್ಟೋ ಜನ ಇದ್ದೀರಿ. ಮುಂದಿನ ಸಲ ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂತ ಹುಡುಗಿಯನ್ನು ಕರೆದು, ಇಬ್ಬರು ಚಿಕ್ಕ ಮಕ್ಕಳನ್ನು ಅವಳಿಗೆ ಒಪ್ಪಿಸಿ. ಅವಳೇನು ಕಲಿಸಬೇಕು ಅನ್ನೋದನ್ನು ಮೊದಲು ಅವಳ ಜೊತೆ ಕೂತು ತಯಾರಿ ಮಾಡಿಸಿ. ಒಂದು ತಿಂಗಳು ಬಿಡದೆ ನಡೆಸಿ, ಅವಳ ಹಾಜರಿ ಗಮನಿಸಿ.