ಮಳೆಯ ನೀರಿನ ಸಂಚಾರವೂ ನಮ್ಮ ಬಾವಿಗಳೂ
(ನಲ್ಲೂರಿನ ಹುಣಸೆಯ ತೋಪನ್ನು ಉದಾಹರಣೆಯಾಗಿಟ್ಟುಕೊಂಡು ಬರೆದುದು)

ಮಳೆಯಿಲ್ಲದೆ ಬೆಳೆಯಿಲ್ಲವೆಂಬುದು ರೈತವರ್ಗಕ್ಕೆ ಹೊಸದಾಗಿ ಹೇಳಬೇಕಾದ ಮಾತಲ್ಲ. ಆದರೆ ಬಿದ್ದ ಮಳೆಯು ಎಲ್ಲಿಂದ ಬಂದಿತು, ಬಿದ್ದ ಮೇಲೆ ಎಲ್ಲಿಗೆ ಹೋಯಿತು, ಅದರಲ್ಲಿ ತಮ್ಮ ಬಾವಿಗೆ ಸೇರಿದ ಪಾಲೆಷ್ಟು ಎಂಬುದನ್ನು ವಿಚಾರಿಸುವವರು ವಿರಳ. ಭೂಮಿಯ ಆಳದಲ್ಲಿ ಎಂದಿಗೂ ಬತ್ತದ ಗಂಗೆಯೊಂದು ಹರಿಯುತ್ತಿರುವುದೆಂದೂ, ಆಳವಾಗಿ ಕೊರೆದಷ್ಟೂ ಅದು ದೊರೆಯುವುದೆಂದೂ ಅನೇಕರು ನಂಬಿರುವರು. ಈ ನಂಬಿಕೆಯಿಂದ ಸಾಲ ಮಾಡಿ ಸಾವಿರ ಅಡಿಗಳಿಗೂ ಮೀರಿ ಕೊರೆಯಿಸಿ, ಕಲ್ಲುಪುಡಿಯನ್ನಲ್ಲದೆ ಬೇರೇನನ್ನೂ ಕಾಣದೆ ಹೋದ ಸಂಸಾರಗಳು ದೇವನಹಳ್ಳಿ, ಹೊಸಕೋಟೆ, ದೊಡ್ಡಬಳ್ಳಾಪುರ, ನೆಲಮಂಗಲ ಈ ನಾಲ್ಕು ತಾಲ್ಲೂಕುಗಳಲ್ಲಿಯೂ ಇವೆ. ಆದುದರಿಂದ ನೀರಿನ ಸಂಚಾರದ ಕ್ರಮವನ್ನು ಗ್ರಾಮದ ಮುಖಂಡರೂ ಜಮೀನುದಾರರೂ ಚೆನ್ನಾಗಿ ತಿಳಿದುಕೊಳ್ಳುವುದು ಅವಶ್ಯಕ.

ಮಳೆಯ ಹುಟ್ಟು

ನೀರು ಹೊಸದಾಗಿ ಹುಟ್ಟುವುದೂ ಇಲ್ಲ, ನಾಶವಾಗುವುದೂ ಇಲ್ಲವೆಂದೇ ಸ್ಥೂಲವಾಗಿ ಹೇಳಬಹುದು. ಅದು ಸ್ಥಳವನ್ನೂ ರೂಪವನ್ನೂ ಬದಲಾಯಿಸುತ್ತ ಸುತ್ತುತ್ತಿರುವುದು. ಸೂರ್ಯನ ಶಾಖದಿಂದ ಸಮುದ್ರದ ನೀರು ಆವಿಯಾಗಿ ಗಾಳಿಯಲ್ಲಿ ಬೆರೆಯುವುದು. ಉಪ್ಪು ಸಮುದ್ರದಲ್ಲಿಯೇ ಉಳಿಯುವುದರಿಂದ ಮಳೆಯ ನೀರು ಸಿಹಿಯಾಗಿರುವುದು. ಆವಿಯು ಮೇಲೇರಿ ತಣ್ಣಗಾದಾಗ ಸಣ್ಣ ಹನಿಗಳಾಗಿ ಮೋಡವಾಗುವುದು. ಹನಿಗಳು ಕೂಡಿ ಭಾರವಾದರೆ ಮಳೆಯಾಗಿ ಬೀಳುವುದು. ಕಂಚಿನ ಚೊಂಬಿನಲ್ಲಿ ಬಹಳ ತಣ್ಣಗಿರುವ ನೀರನ್ನು ತುಂಬಿಟ್ಟರೆ ಅದರ ಹೊರಮೈಮೇಲೆ ಹನಿಗಳು ಮೂಡುವುದನ್ನು ಎಲ್ಲರೂ ಕಂಡಿರುವರು. ಆ ಹನಿಗಳು ಚೊಂಬಿನಿಂದ ಸೋರಿದುವಲ್ಲ. ಗಾಳಿಯಲ್ಲಿ ಕಣ್ಣಿಗೆ ಕಾಣದಂತಿದ್ದ ಆವಿಯೇ ತಣ್ಣನೆಯ ಲೋಹವನ್ನು ಮುಟ್ಟಿ ನೀರಾಯಿತು. ಆಕಾಶದಲ್ಲಿ ನಡೆಯುವುದೂ ಇದೇ ಕಾರ್ಯ.

ನಮ್ಮ ಸೀಮೆಗೆ ಮೂರು ಬಗೆಯಿಂದ ಮಳೆ ಬರುವುದು. ಅಶ್ವಿನಿ, ಭರಣಿಗಳ ಕಾಲದಲ್ಲಿ ಕಾದ ನೆಲದ ಗಾಳಿಯು ಮೇಲೇರಿ ಗುಡುಗು ಮಿಂಚುಗಳೊಡನೆ ಸುರಿಯುವ ಮಳೆ ಮೊದಲನೆಯದು. ಮೃಗಶಿರದಿಂದ ಮುಂದೆ ಅರಬ್ಬೀ ಸಮುದ್ರದ ನೈಋತ್ಯ ಮಾರುತವು ತರುವ ಮಳೆ ಎರಡನೆಯದು. ಈ ಮಾರುತವು ಪಶ್ಚಿಮ ಘಟ್ಟಗಳನ್ನು ಏರುವಾಗಲೇ ತನ್ನ ಭಾರವನ್ನು ಬಹುಮಟ್ಟಿಗೆ ಇಳಿಸಿಬಿಡುವುದು. ಆದಕಾರಣ ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 280 ಅಂಗುಲ ಸುರಿದರೆ, ಘಟ್ಟದ ಮರೆಯಲ್ಲಿರುವ ನಮಗೆ ಎಲ್ಲ ಕಾಲದ ಮಳೆಯೂ ಸೇರಿ ಸುಮಾರು 30 ಅಂಗುಲ ಮಾತ್ರ. ಚಿತ್ತೆ, ಸ್ವಾತಿಗಳಲ್ಲಿ ಬಂಗಾಳ ಕೊಲ್ಲಿಯ ಕಡೆಯಿಂದ ಬರುವ ಈಶಾನ್ಯದ ಮಳೆ ಮೂರನೆಯದು. ಕೆರೆಗಳು ಕೋಡಿ ಬೀಳುವುದು ಸಾಮಾನ್ಯವಾಗಿ ವರ್ಷದ ಈ ಉತ್ತರಾರ್ಧದಲ್ಲಿಯೇ.

ಬಿದ್ದ ನೀರಿನ ಲೆಕ್ಕ

ಒಂದು ಎಕರೆ ನೆಲದ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಅದು ಒಂದು ಲಕ್ಷ ಲೀಟರುಗಳಿಗಿಂತ ಸ್ವಲ್ಪ ಹೆಚ್ಚು ನೀರು. ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಹುಣಸೆಯ ತೋಪು ಸುಮಾರು 54 ಎಕರೆ ಇರುವುದು. ಅಲ್ಲಿಗೆ ವರ್ಷಕ್ಕೆ 30 ಅಂಗುಲದಂತೆ ಬೀಳುವ ನೀರು 16 ಕೋಟಿ ಲೀಟರುಗಳನ್ನು ಮೀರುವುದು. ಕೇಳುವವರಿಗೆ ಇದು ದೊಡ್ಡ ಐಶ್ವರ್ಯವಾಗಿ ತೋರುವುದು. ಆದರೆ ಈ ಐಶ್ವರ್ಯಕ್ಕೆ ನಾಲ್ವರು ಪಾಲುಗಾರರಿರುವರು. ನೆಲದಿಂದ ನೇರವಾಗಿ ಆವಿಯಾಗಿ ಹೋಗುವುದು ಮೊದಲನೆಯ ಪಾಲು. ಗಿಡಮರಗಳು ಬೇರಿನಿಂದ ಹೀರಿ ಎಲೆಗಳಿಂದ ಹೊರಬಿಡುವುದು ಎರಡನೆಯದು. ಇವೆರಡೂ ಸೇರಿಯೇ ಅರ್ಧಕ್ಕೆ ಮೀರಿದ ಭಾಗವನ್ನು ಕೊಂಡೊಯ್ಯುವುವು. ಹಳ್ಳಕೊಳ್ಳಗಳಲ್ಲಿ ಹರಿದುಹೋಗುವುದು ಮೂರನೆಯದು. ಇವು ಮೂರೂ ಕಳೆದು, ಬೇರುಗಳಿಂದ ಕೆಳಕ್ಕೆ ಇಂಗಿ ಅಂತರ್ಜಲವನ್ನು ಸೇರುವುದು ನಾಲ್ಕನೆಯದು. ನಮ್ಮಂಥ ಕಲ್ಲುನೆಲದಲ್ಲಿ ಈ ಕೊನೆಯ ಪಾಲು ನೂರಕ್ಕೆ ಹತ್ತರ ಸುಮಾರು. ಗಟ್ಟಿ ಬಂಡೆಯಿರುವಲ್ಲಿ ಅದಕ್ಕಿಂತಲೂ ಬಹಳ ಕಡಿಮೆ. ಎಂದರೆ 30 ಅಂಗುಲದ ಮಳೆಯಲ್ಲಿ ಬಾವಿಗೆ ದಕ್ಕುವುದು ಹೆಚ್ಚೆಂದರೆ 3 ಅಂಗುಲ.

ಈಗ ಖರ್ಚಿನ ಕಡೆ ನೋಡೋಣ. ಬೇಸಗೆಯಲ್ಲಿ ಒಂದು ಎಕರೆ ಭತ್ತಕ್ಕೆ ಸುಮಾರು 48 ಅಂಗುಲದಷ್ಟು ನೀರನ್ನು ಕಟ್ಟಬೇಕಾಗುವುದು. ಆ ನೀರೆಲ್ಲವೂ ಕೊಳವೆಬಾವಿಯದೇ ಆದರೆ, ಆ ಒಂದು ಎಕರೆಯು 16 ಎಕರೆ ನೆಲದಲ್ಲಿ ಇಂಗಿದ ನೀರನ್ನು ಕುಡಿಯಿತೆಂದಾಯಿತು. ಕಟ್ಟಿದ ನೀರಿನಲ್ಲಿ ಒಂದು ಭಾಗವು ಮರಳಿ ಇಂಗುವುದೆಂದು ಕಳೆದರೂ, ಒಬ್ಬನ ಗದ್ದೆಯು ಹಲವರ ಹೊಲಗಳ ನೀರನ್ನು ತೆಗೆದುಕೊಳ್ಳುತ್ತಿರುವುದು ಸ್ಪಷ್ಟ. ಮಳೆಯಾಧಾರದಲ್ಲಿಯೇ ಬೆಳೆಯುವ ರಾಗಿಗೆ ಈ ಸಾಲವಿಲ್ಲ. ಆದಾಯಕ್ಕಿಂತ ವೆಚ್ಚ ಹೆಚ್ಚಾದ ಸಂಸಾರದ ಗತಿಯೇನೆಂಬುದನ್ನು ಹಿರಿಯರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ನಾಲ್ಕು ತಾಲ್ಲೂಕುಗಳನ್ನೂ ಅಂತರ್ಜಲವನ್ನು ಮಿತಿಮೀರಿ ಬಳಸಿದ ಪ್ರದೇಶಗಳೆಂದು ಎಣಿಸಿರುವುದು ಈ ಕಾರಣದಿಂದಲೇ.

ನೆಲದೊಳಗಿನ ಸ್ಥಿತಿ

ನಮ್ಮ ಕೆಂಪು ಮಣ್ಣಿನ ಕೆಳಗೆ ಶಿಥಿಲವಾದ ಕಲ್ಲಿನ ಪದರವೂ, ಅದರ ಕೆಳಗೆ ಗಟ್ಟಿಯಾದ ಕರಿಬಿಳಿ ಪಟ್ಟೆಯ ಬಂಡೆಯೂ ಇರುವುವು. ಶಿಥಿಲವಾದ ಪದರದಲ್ಲಿ ಸಂದುಗಳು ಹೆಚ್ಚು; ಅದು ನೀರನ್ನು ಒದ್ದೆ ಬಟ್ಟೆಯಂತೆ ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಡುವುದು. ಹಿಂದಿನವರ ತೆರೆದ ಬಾವಿಗಳಿಗೆ ಆಧಾರವಾಗಿದ್ದುದು ಈ ಪದರವೇ. ಕೆಳಗಿನ ಬಂಡೆಯಲ್ಲಿ ನೀರಿರುವುದು ಬಿರುಕುಗಳಲ್ಲಿ ಮಾತ್ರ. ಆ ಬಿರುಕುಗಳು ಕಿರಿದು. ಆಳಕ್ಕೆ ಹೋದಂತೆ ಸಾಧಾರಣವಾಗಿ ಇನ್ನೂ ವಿರಳ. ಅವು ತುಂಬಬೇಕಾದುದೂ ಮೇಲಿನ ಪದರದಿಂದ ಇಳಿಯುವ ಮಳೆಯ ನೀರಿನಿಂದಲೇ. ಹೀಗಿರುವಲ್ಲಿ, ಮೇಲಿನ ಪದರವು ಒಣಗಿದ ಮೇಲೆ ಆಳಕ್ಕೆ ಕೊರೆಯುವುದು, ಕಣಜ ಬರಿದಾದ ಮೇಲೆ ಅದರ ತಳವನ್ನು ಕೆರೆದಂತೆ.

ತೋಪು ಕಲಿಸುವ ಪಾಠ

ನಲ್ಲೂರಿನ ತೋಪಿನಲ್ಲಿ ಸುಮಾರು 300 ಹುಣಸೆಯ ಮರಗಳಿವೆ. ಅವುಗಳಲ್ಲಿ ಒಂದಕ್ಕೆ 400 ವರ್ಷಗಳಿಗೂ ಹೆಚ್ಚು ವಯಸ್ಸಾಗಿದೆಯೆಂದು ಹೇಳಿರುವರು. ಚೋಳರ ಕಾಲದಿಂದ ಬಂದ ತೋಪೆಂಬುದು ಜನರ ನಂಬಿಕೆ. 2007ನೆಯ ಇಸವಿಯಲ್ಲಿ ಇದನ್ನು ಜೀವವೈವಿಧ್ಯದ ಪಾರಂಪರಿಕ ತಾಣವೆಂದು ಘೋಷಿಸಲಾಯಿತು. ಭಾರತದಲ್ಲಿ ಇಂಥ ಗೌರವವನ್ನು ಪಡೆದ ತಾಣಗಳಲ್ಲಿ ಇದೇ ಮೊದಲನೆಯದು.

ಬಿರುಸಾದ ಮಳೆಯ ಹನಿಯು ಬರಿಯ ನೆಲಕ್ಕೆ ಬಡಿದರೆ ಮಣ್ಣಿನ ನಯವಾದ ಕಣಗಳು ಎದ್ದು ಸಂದುಗಳನ್ನು ಮುಚ್ಚುವುವು. ನೀರು ಇಂಗದೆ ಕೆಂಪಾಗಿ ಹರಿದುಹೋಗುವುದು. ದಟ್ಟವಾದ ಕೊಂಬೆಗಳ ಕೆಳಗೆ ಅದೇ ಹನಿಯು ಎಲೆಯಿಂದ ಎಲೆಗೆ ಇಳಿದು, ತರಗಿನ ಮೇಲೆ ಬಿದ್ದು, ಬೇರುಗಳ ಪಕ್ಕದ ಸಂದುಗಳಲ್ಲಿ ಮೆಲ್ಲಗೆ ಒಳಸೇರುವುದು. ಮರಗಳೂ ನೀರನ್ನು ಕುಡಿಯುವುವೆಂಬುದು ನಿಜ. ಆದರೆ ಅಂತರವಿಟ್ಟು ಬೆಳೆದ ಹಳೆಯ ತೋಪಿಗೂ, ಬೇಗ ಬೆಳೆಯಲೆಂದು ಒತ್ತಾಗಿ ನೆಟ್ಟ ನೀಲಗಿರಿಗೂ ಭೇದವುಂಟು. ನೀಲಗಿರಿಯನ್ನು ಹೊಸದಾಗಿ ನೆಡುವುದನ್ನು ರಾಜ್ಯ ಸರ್ಕಾರವು 2017ರಲ್ಲಿ ನಿಷೇಧಿಸಿದುದನ್ನು ಜಮೀನುದಾರರು ನೆನಪಿನಲ್ಲಿಡಬೇಕು.

ಇದೇ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ಸುತ್ತಿನ 13 ಗ್ರಾಮಗಳ 1777 ಎಕರೆ ಜಮೀನನ್ನು ಕೈಗಾರಿಕೆಗಾಗಿ ವಶಪಡಿಸಿಕೊಳ್ಳುವ ಕಾರ್ಯವನ್ನು, ರೈತರ ದೀರ್ಘಕಾಲದ ಹೋರಾಟದ ಬಳಿಕ, ಸರ್ಕಾರವು 2025ನೆಯ ಜುಲೈ ತಿಂಗಳಲ್ಲಿ ಕೈಬಿಟ್ಟಿತು. ಅದರ ವಾದವಿವಾದಗಳು ಈ ಲೇಖನಕ್ಕೆ ಸೇರಿದುವಲ್ಲ. ಆದರೆ ಉಳಿದ ಹೊಲವು ಬೆಳೆ ಕೊಡುವುದರ ಜೊತೆಗೆ ಮಳೆಯನ್ನು ಒಳಕ್ಕೆ ಬಿಟ್ಟುಕೊಳ್ಳುವ ಬಾಗಿಲೂ ಆಗಿದೆ. ಆ ಬಾಗಿಲನ್ನು ತೆರೆದಿಡುವ ಹೊಣೆ ಈಗ ಹೊಲದ ಯಜಮಾನರದು.

ಕೆರೆಗಳ ಕೆಲಸ

ನಂದಿಯ ಬೆಟ್ಟಗಳ ಸಾಲಿನಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿಯು ದೇವನಹಳ್ಳಿ, ಹೊಸಕೋಟೆಗಳ ಕಡೆಯಿಂದ ಇಳಿದು, ತಮಿಳುನಾಡನ್ನು ದಾಟಿ, ಕಡಲೂರಿನ ಬಳಿ ಬಂಗಾಳ ಕೊಲ್ಲಿಯನ್ನು ಸೇರುವುದು. ಅದೇ ಬೆಟ್ಟಗಳ ಅರ್ಕಾವತಿಯು ದೊಡ್ಡಬಳ್ಳಾಪುರದ ಮೇಲೆ ಹರಿದು ಕಾವೇರಿಯನ್ನು ಕೂಡುವುದು. ವರ್ಷವೆಲ್ಲ ಹರಿಯುವ ಹೊಳೆಯಿಲ್ಲದ ಈ ಸೀಮೆಯಲ್ಲಿ ನಮ್ಮ ಹಿರಿಯರು ಒಂದರ ಕೆಳಗೊಂದು ಕೆರೆಗಳನ್ನು ಕಟ್ಟಿ, ಮೇಲಿನ ಕೆರೆಯ ಕೋಡಿಯ ನೀರು ಕೆಳಗಿನದಕ್ಕೆ ಸೇರುವಂತೆ ಮಾಡಿದರು. ಓಡುವ ನೀರು ಅಲ್ಲಲ್ಲಿ ನಿಂತಿತು. ನಿಂತ ನೀರು ಇಂಗಿತು. ಅಚ್ಚುಕಟ್ಟಿನ ಬಾವಿಗಳು ತುಂಬಿದುವು. ಕೆರೆಗೆ ನೀರು ತರುವ ಕಾಲುವೆಯನ್ನು ಯಾರೋ ಒಬ್ಬರು ಉತ್ತು ತಮ್ಮ ಹೊಲಕ್ಕೆ ಸೇರಿಸಿಕೊಂಡರೆ ನಷ್ಟವಾಗುವುದು ಕೆರೆಯೊಂದಕ್ಕೇ ಅಲ್ಲ. ಆ ಸಾಲಿನ ಎಲ್ಲ ಕೆರೆಗಳಿಗೂ, ಕೊನೆಗೆ ಉತ್ತವರ ಬಾವಿಗೂ ನಷ್ಟವೇ.

ಮಾಡತಕ್ಕ ಕಾರ್ಯಗಳು

1. ಮಾಗಿಯ ಉಳುಮೆಯನ್ನೂ ಮುಂಗಾರಿನ ಮೊದಲ ಉಳುಮೆಯನ್ನೂ ಇಳಿಜಾರಿಗೆ ಅಡ್ಡಲಾಗಿ ಮಾಡತಕ್ಕದ್ದು. ಪ್ರತಿಯೊಂದು ಸಾಲೂ ಒಂದು ಸಣ್ಣ ಕಟ್ಟೆಯಾಗುವುದು.

2. ಬದುಗಳನ್ನು ಮಳೆಗಾಲಕ್ಕೆ ಮುಂಚೆ ಸರಿಪಡಿಸಿ, ಅವುಗಳ ಮೇಲೆ ಹುಲ್ಲನ್ನೂ ಹೊಂಗೆ, ಹುಣಸೆಯಂಥ ಮರಗಳನ್ನೂ ಬೆಳೆಸತಕ್ಕದ್ದು.

3. ಹೊಲದ ತಗ್ಗಿನ ಮೂಲೆಯಲ್ಲಿ ಕೃಷಿಹೊಂಡವನ್ನು ತೋಡಿಸಿದರೆ, ರಾಗಿಯು ತೆನೆಬಿಡುವ ಕಾಲದಲ್ಲಿ ಮಳೆ ಕೈಕೊಟ್ಟಾಗ ಒಂದೆರಡು ನೀರು ಕೊಟ್ಟು ಬೆಳೆಯನ್ನು ಉಳಿಸಿಕೊಳ್ಳಬಹುದು.

4. ಬೇಸಗೆಯಲ್ಲಿ ಕೆರೆಯ ಹೂಳನ್ನು ತೆಗೆದು ಹೊಲಗಳಿಗೆ ಹರಡತಕ್ಕದ್ದು. ಕೆರೆಗೂ ಹೊಲಕ್ಕೂ ಲಾಭ. ಕಾಲುವೆ, ತೂಬು, ಕೋಡಿಗಳನ್ನು ಊರವರು ಕೂಡಿ ವರ್ಷಕ್ಕೊಮ್ಮೆ ನೋಡಿಕೊಳ್ಳಬೇಕು.

5. ಬತ್ತಿದ ತೆರೆದ ಬಾವಿಗಳನ್ನು ಕಸದಿಂದ ಮುಚ್ಚಬಾರದು. ಜಲ್ಲಿ, ಮರಳುಗಳ ಮೂಲಕ ಶೋಧಿಸಿದ ಶುದ್ಧವಾದ ಮಳೆನೀರನ್ನು ಅವುಗಳಿಗೆ ಬಿಡಬಹುದು. ಕೊಟ್ಟಿಗೆಯ, ಚರಂಡಿಯ ನೀರನ್ನು ಎಂದಿಗೂ ಬಿಡಕೂಡದು.

6. ತೋಟದ ಬೆಳೆಗಳಿಗೆ ಹನಿನೀರಾವರಿಯನ್ನು ಅನುಸರಿಸಿ, ಉಳಿದ ನೀರನ್ನು ಹೊಸ ಬೆಳೆಗೆ ಹಬ್ಬಿಸದೆ ನೆಲದಲ್ಲಿಯೇ ಬಿಡತಕ್ಕದ್ದು. ಹಬ್ಬಿಸಿದರೆ ಉಳಿತಾಯವೆಂಬುದು ಮಾತಿಗೆ ಮಾತ್ರ.

ಕಡೆಯದಾಗಿ, ಪ್ರತಿ ಗ್ರಾಮದಲ್ಲಿಯೂ ನೀರಿನ ಲೆಕ್ಕದ ಪುಸ್ತಕವೊಂದಿರಬೇಕು. ನೆಟ್ಟಗಿನ ಗೋಡೆಯ, ಸಮತಳದ ಡಬ್ಬವೊಂದನ್ನು ಬಯಲಿನಲ್ಲಿಟ್ಟು, ಮಳೆ ಬಂದ ಮಾರನೆಯ ಬೆಳಗ್ಗೆ ಅದರಲ್ಲಿ ನಿಂತ ನೀರನ್ನು ಅಳತೆಯ ಕಡ್ಡಿಯಿಂದ ಅಳೆದರೆ ಸಾಕು. ತಿಂಗಳಿಗೊಮ್ಮೆ ಹಗ್ಗ ಇಳಿಬಿಟ್ಟು ತೆರೆದ ಬಾವಿಯೊಂದರ ನೀರಿನ ಮಟ್ಟವನ್ನೂ ಗುರುತು ಹಾಕಬೇಕು. ಈ ಕೆಲಸವನ್ನು ಊರ ಶಾಲೆಯ ಮಕ್ಕಳು ಸಂತೋಷದಿಂದ ಮಾಡುವರು. ಪಾಠದಲ್ಲಿ ಓದಿದ ನೀರಿನ ಚಕ್ರವನ್ನು ಕಣ್ಣಾರೆ ಕಾಣುವರು. ಬಂದುದೆಷ್ಟು, ಉಳಿದುದೆಷ್ಟು ಎಂಬುದು ಬರವಣಿಗೆಯಲ್ಲಿ ಎದುರಿಗಿದ್ದರೆ, ಬೇಸಗೆಯ ಬೆಳೆಯನ್ನು ಗೊತ್ತುಮಾಡುವಾಗ ಊರಿನ ಹಿರಿಯರು ಊಹೆಯಿಂದ ಮಾತನಾಡಬೇಕಾಗುವುದಿಲ್ಲ. ಬರುವ ಮುಂಗಾರಿಗೆ ಮುಂಚೆಯೇ ಗ್ರಾಮಸ್ಥರು ಈ ಪುಸ್ತಕದ ಮೊದಲ ಪುಟವನ್ನು ತೆರೆಯುವರೆಂದು ನಂಬಿದೆ.