ಮುತ್ತು ಕಟ್ಟಿದ ಊರಿಗೆ ಗಣತಿಯವರು ಬಂದಾಗ

ಹೆಣ್ಣುಮಗುವಿನ ಕೂದಲು ಜಡೆಗಟ್ಟಿತೆಂದರೆ ರಾಯಬಾಗ, ಅಥಣಿ ಕಡೆಯ ಎಷ್ಟೋ ಮನೆಗಳಲ್ಲಿ ಒಂದು ಕಾಲಕ್ಕೆ ಎಣ್ಣೆ ಹಚ್ಚಿ ಬಿಡಿಸುತ್ತಿರಲಿಲ್ಲ. ಎಲ್ಲಮ್ಮ ಕರೆದಳು ಎನ್ನುತ್ತಿದ್ದರು. ನೀರಿನ ತತ್ವಾರ, ಹೇನು, ತಲೆಯ ಹುಣ್ಣು, ದಿನಗಟ್ಟಲೆ ಬಾಚಣಿಗೆ ಕಾಣದ ಕೂದಲು: ಜಡೆಯ ಹಿಂದೆ ಇದ್ದದ್ದು ಇಷ್ಟೇ. ಮುತ್ತು ಕಟ್ಟಲು, ಅಂದರೆ ಮಗಳನ್ನು ದೇವದಾಸಿಯಾಗಿ ಬಿಡಲು, ಅದೊಂದು ನೆಪ. ಗಂಡುಮಗನಿಲ್ಲ, ಹೊಲವಿಲ್ಲ, ಮುಪ್ಪಿಗೆ ಅನ್ನ ಹಾಕುವವರಿಲ್ಲ. ಮಗಳು ದೇವರಿಗೆ ಹೋದರೆ ಮನೆಯಲ್ಲೇ ಉಳಿಯುತ್ತಾಳೆ, ದುಡಿದು ಸಾಕುತ್ತಾಳೆ. ಆ ಮನೆ ಹೆಚ್ಚಾಗಿ ದಲಿತ ಕೇರಿಯದ್ದೇ ಆಗಿರುತ್ತಿತ್ತು.

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಬೆಳಗಾವಿ, ಬಾಗಲಕೋಟೆಯ ಹಳ್ಳಿಗಳಲ್ಲಿ ಎಚ್‌ಐವಿ ಹಬ್ಬಿದಾಗ ಈ ಕೇರಿಯತ್ತ ನೋಡಬೇಕಾಯಿತು. ಅಲ್ಲಿಯವರೆಗೆ ಏಡ್ಸ್ ಎಂದರೆ ಲಾರಿ, ಢಾಬಾ, ದೊಡ್ಡ ಶಹರದ ಓಣಿ. ಪುಣೆ–ಬೆಂಗಳೂರು ಹೆದ್ದಾರಿ ನಿಪ್ಪಾಣಿಯನ್ನೇ ಹಾಯ್ದು ಹೋಗುತ್ತದೆ, ಕಣ್ಣು ಅತ್ತ ಹೋದದ್ದು ತಪ್ಪಲ್ಲ. ಆದರೆ ರೋಗ ಹೆದ್ದಾರಿಗಿಂತ ಒಳಗಿತ್ತು.

ಮ್ಯಾನಿಟೋಬಾ ವಿಶ್ವವಿದ್ಯಾಲಯದ ಜೇಮ್ಸ್ ಬ್ಲಾಂಚರ್ಡ್ ಮತ್ತು ಸಂಗಡಿಗರು ಕರ್ನಾಟಕದ 1588 ಲೈಂಗಿಕ ಕಾರ್ಯಕರ್ತೆಯರನ್ನು ಮಾತನಾಡಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನಾನು ಆಗಾಗ ತೆರೆದು ನೋಡುತ್ತೇನೆ. ಅವರಲ್ಲಿ ಶೇ 26ರಷ್ಟು ಮಂದಿ ದೇವದಾಸಿ ಪದ್ಧತಿಯ ಮೂಲಕ ಬಂದವರು. ಧಂಧೆಗೆ ಇಳಿದಾಗ ಅವರ ಸರಾಸರಿ ವಯಸ್ಸು 15.7, ಉಳಿದವರದು 21.8. ದೇವದಾಸಿಯರಲ್ಲಿ ಶೇ 92.8ರಷ್ಟು ಮಂದಿಗೆ ಓದುಬರಹ ಬಾರದು. ಅರ್ಧದಷ್ಟು ಜನ ಹಳ್ಳಿಯಲ್ಲಿ, ಮೂರರಲ್ಲಿ ಎರಡು ಪಾಲು ತಮ್ಮ ಮನೆಯಲ್ಲೇ ಧಂಧೆ ಮಾಡುತ್ತಿದ್ದರು. ಇನ್ನೊಂದು ಸಂಗತಿ ಓದಿದವರನ್ನು ತಬ್ಬಿಬ್ಬು ಮಾಡುತ್ತದೆ: ಪೊಲೀಸರ ಕಾಟ, ಗಿರಾಕಿಗಳ ಹೊಡೆತ ಇವರಿಗೆ ಉಳಿದವರಿಗಿಂತ ಬಹಳ ಕಡಿಮೆ. ಊರೇ ಒಪ್ಪಿಕೊಂಡಿದ್ದಕ್ಕೆ ಯಾರು ತಕರಾರು ತೆಗೆದಾರು?

ಈ ಅಂಕಿಗಳ ಬೆಲೆ ಇರುವುದು ಇಲ್ಲಿ. ಬಸ್‌ ಸ್ಟ್ಯಾಂಡಿನಲ್ಲಿ ಬೋರ್ಡು ನಿಲ್ಲಿಸಿದರೆ ಓದು ಬಾರದವಳಿಗೆ ಅದು ಮುಟ್ಟುವುದಿಲ್ಲ. ಹಳ್ಳಿಗೆ, ಮನೆಗೆ, ಅವಳಂಥವಳೇ ಒಬ್ಬಳು ಹೋಗಬೇಕು. ಮುಂದಿನ ಕಾರ್ಯಕ್ರಮಗಳು ನಡೆದದ್ದು ಹೆಚ್ಚುಕಡಿಮೆ ಇದೇ ದಾರಿಯಲ್ಲಿ. 2007ರಲ್ಲಿ ಶುರುವಾದ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದ ಮೂರನೇ ಹಂತದಲ್ಲಿ ಹಳ್ಳಿಗಳಿಗೆ ಎಚ್‌ಐವಿ ತಿಳಿವಳಿಕೆ ಕೊಡುವ ‘ಲಿಂಕ್ ವರ್ಕರ್’ಗಳು ಬಂದರು. ಬೆಳಗಾವಿಯೂ ಸೇರಿ ಐದು ಜಿಲ್ಲೆಗಳ ಲೈಂಗಿಕ ಕಾರ್ಯಕರ್ತೆಯರಲ್ಲಿ ಎರಡು ಸುತ್ತು ಸಮೀಕ್ಷೆ ನಡೆದಾಗ ಸೋಂಕಿನ ಪ್ರಮಾಣ ಶೇ 19.6ರಿಂದ 16.4ಕ್ಕೆ ಇಳಿದಿತ್ತು. ಸಣ್ಣ ಇಳಿಕೆ ಎನ್ನಿಸಬಹುದು, ನನಗೆ ಅದು ಸಣ್ಣದಲ್ಲ.

ಸೋಂಕು ತಡೆಯುವುದು ಒಂದು, ಸೋಂಕಿನತ್ತ ತಳ್ಳುವ ಬದುಕನ್ನು ತಡೆಯುವುದು ಇನ್ನೊಂದು. ಮೈಕೆಲ್ ಮಾರ್ಮಟ್ ಅಧ್ಯಕ್ಷತೆಯ ವಿಶ್ವ ಆರೋಗ್ಯ ಸಂಸ್ಥೆಯ ಆಯೋಗ 2008ರಲ್ಲಿ ಕಾಯಿಲೆಯ ಬೇರು ಬದುಕಿನ ಸ್ಥಿತಿಗತಿಯಲ್ಲಿದೆ ಎಂದು ಜಗತ್ತಿಗೆ ಹೇಳಿತು. ನಮ್ಮ ಕಡೆ ಆ ಕೆಲಸ ಅದಕ್ಕೂ ಮೊದಲೇ ಶುರುವಾಗಿತ್ತು. ವಕೀಲ ಬಿ.ಎಲ್. ಪಾಟೀಲರು 1985ರಲ್ಲಿ ಅಥಣಿಯಲ್ಲಿ ವಿಮೋಚನಾ ಸಂಘ ಕಟ್ಟಿ, ಆಮೇಲೆ ಮಳಬಾದದಲ್ಲಿ ದೇವದಾಸಿಯರ ಮಕ್ಕಳಿಗೆ ವಸತಿ ಶಾಲೆ ತೆರೆದರು. ಏಳನೇ ವಯಸ್ಸಿಗೆ ಮುತ್ತು ಕಟ್ಟಿಸಿಕೊಂಡ ಚಿಕ್ಕೋಡಿ ತಾಲ್ಲೂಕಿನ ಕಬ್ಬೂರಿನ ಸೀತವ್ವ ಜೋಡಟ್ಟಿ ಅವರು 1997ರಲ್ಲಿ ಹುಟ್ಟಿದ ‘ಮಾಸ್’ ಸಂಸ್ಥೆಯ ಮುಂದಾಳಾಗಿ, ತಮ್ಮಂಥ ಸಾವಿರಾರು ಹೆಂಗಸರನ್ನು ಒಟ್ಟುಗೂಡಿಸಿ 2018ರಲ್ಲಿ ಪದ್ಮಶ್ರೀ ಪಡೆದರು.

ಸರ್ಕಾರವೂ ಎಣಿಸಿತು. 1993–94ರಲ್ಲಿ ರಾಜ್ಯದಲ್ಲಿ 22,873 ದೇವದಾಸಿಯರು ಸಿಕ್ಕರು. 2007–08ರ ಮರುಗಣತಿ ಸೇರಿ ಸಂಖ್ಯೆ 46,660ಕ್ಕೆ ಏರಿತು. ಮಾಸಾಶನ, ಮನೆ, ಸಾಲ ಎಲ್ಲವೂ ಈ ಪಟ್ಟಿಗೇ ಅಂಟಿಕೊಂಡವು. ಪಟ್ಟಿಯಲ್ಲಿಲ್ಲದವಳು ಯೋಜನೆಗೂ ಇಲ್ಲ. ಆದರೆ ಮುತ್ತು ಕಟ್ಟುವುದು 1982ರ ಕಾಯ್ದೆಯಿಂದ ಅಪರಾಧ, ಕಟ್ಟಿಸಿದ ಅಪ್ಪ-ಅವ್ವನಿಗೆ ಜೈಲು. ಆಮೇಲೆ ಮುತ್ತು ಕಟ್ಟಿಸಿಕೊಂಡವಳು ರಿಜಿಸ್ಟರ್ ಹಿಡಿದು ಬಂದ ಅಪರಿಚಿತನೆದುರು ‘ಹೌದ್ರಿ, ನಾನೂ’ ಎಂದು ಬಾಯಿ ಬಿಟ್ಟಾಳೆಯೇ? ಹೀಗೆ ಕಾನೂನು ಒಳ್ಳೆಯದೇ ಆಗಿದ್ದರೂ ಎಣಿಕೆಯ ಬಾಯಿ ಮುಚ್ಚಿಸಿತು. ಎಳೆಯ ವಯಸ್ಸಿನಲ್ಲೇ ರೋಗಕ್ಕೆ ಒಡ್ಡಿಕೊಳ್ಳುವವರು ಕಾಗದದ ಮೇಲೆ ಕಾಣದಾದರು.

2025ರಲ್ಲಿ ವಿಧಾನಮಂಡಲ ಹೊಸ ಮಸೂದೆ ಒಪ್ಪಿತು. ಅರ್ಜಿ ನಮೂನೆಗಳಲ್ಲಿ ತಂದೆಯ ಹೆಸರು ಕಡ್ಡಾಯವಲ್ಲ, ತಂದೆಯನ್ನು ಗುರುತಿಸಿಕೊಳ್ಳುವ, ಆಸ್ತಿಯಲ್ಲಿ ಪಾಲು ಕೇಳುವ ಹಕ್ಕು ದೇವದಾಸಿಯರ ಮಕ್ಕಳಿಗಿದೆ ಎಂಬುದು ಅದರ ಮುಖ್ಯ ಮಾತು. ಶಾಲೆಯ ದಾಖಲಾತಿ ಹೊತ್ತಿನಲ್ಲಿ ಆ ಒಂದು ಖಾಲಿ ಕಾಲಮ್ಮಿನ ಮುಂದೆ ತಲೆ ತಗ್ಗಿಸಿದವರಿಗೆ ಇದು ಎಷ್ಟು ದೊಡ್ಡದೆಂದು ಗೊತ್ತು.

ಎಣಿಕೆಯ ಇನ್ನೊಂದು ತೊಡಕು ಹಾಗೇ ಇದೆ. ಬ್ಲಾಂಚರ್ಡ್ ತಂಡ ಆಗಲೇ ಗಮನಿಸಿತ್ತು: ದೇವದಾಸಿ ಮಹಿಳೆಯರು ರಾಜ್ಯದೊಳಗೆ ಊರು ಬದಲಿಸುವುದು ಕಡಿಮೆ, ರಾಜ್ಯದ ಹೊರಗೆ ಕೆಲಸ ಮಾಡಿದವರು ಹೆಚ್ಚು. ಕಾಗವಾಡ ದಾಟಿದರೆ ಮಿರಜ, ಅದಕ್ಕೆ ಹೊಂದಿಕೊಂಡು ಸಾಂಗಲಿ. ಹಾಗೆ ಗಡಿ ದಾಟಿದವಳು ಮನೆಗೆ ಬರುವುದು ಜಾತ್ರೆಗೋ ಹುಣ್ಣಿಮೆಗೋ. ಗಣತಿಯವರು ಬಾಗಿಲು ತಟ್ಟಿದ ದಿನ ಅವಳ ಅವ್ವ ಒಬ್ಬಳೇ ಕಟ್ಟೆಯ ಮೇಲೆ ಕೂತಿರುತ್ತಾಳೆ.